ಶಿವಮೊಗ್ಗದಿಂದ ವಿಮಾನ ಪ್ರಯಾಣ: ದೂರ ಮತ್ತು ಸಮಯವನ್ನು ಸರಿಯಾಗಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಫೋನಿನಲ್ಲಿ ಹುಡುಕಿದರೆ ಎರಡೂವರೆ ಗಂಟೆ ಎಂಬ ಉತ್ತರ ಸಿಗುತ್ತದೆ. ಅದನ್ನು ನಂಬಿ ಮಧ್ಯಾಹ್ನ ಮೂರರ ಸಂದರ್ಶನಕ್ಕೆ ಅದೇ ದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಹೊರಟರೆ ದೆಹಲಿ ಮುಟ್ಟುವಾಗ ರಾತ್ರಿಯಾಗಿರುತ್ತದೆ. ಆ ಎರಡೂವರೆ ಗಂಟೆ ಸುಳ್ಳೇನಲ್ಲ. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ದೆಹಲಿಗೆ ಗೆರೆ ಎಳೆದ ಹಾಗೆ ಜೆಟ್ ವಿಮಾನ ಹಾರಿದರೆ ಆಗುವ ಸಮಯ ಅದು. ಆ ಗೆರೆಯ ಮೇಲೆ ನಿಮ್ಮನ್ನು ಒಯ್ಯುವ ವಿಮಾನ ಇದೆಯೇ, ಯಾವ ಜಾತಿಯ ವಿಮಾನ, ಬೆಂಗಳೂರಿನಲ್ಲಿ ಎಷ್ಟು ಹೊತ್ತು ಕಾಯಬೇಕು, ಮನೆಯಿಂದ ನಿಲ್ದಾಣಕ್ಕೆ ಎಷ್ಟು ಹೊತ್ತು ಎಂಬುದು ಅದರಲ್ಲಿ ಇಲ್ಲ.

ಇಲ್ಲಿ ಕ್ರಮ ಮುಖ್ಯ. ಮೊದಲು ನಿಲ್ದಾಣ, ಆಮೇಲೆ ದೂರ, ಆಮೇಲೆ ಹಾರಾಟದ ಸಮಯ, ಗಡಿಯಾರದ ವ್ಯತ್ಯಾಸ, ಕೊನೆಗೆ ಮನೆಬಾಗಿಲಿನ ಲೆಕ್ಕ. ಒಂದು ಹಂತ ಹಾರಿಸಿದರೆ ಮುಂದಿನದೆಲ್ಲ ತಪ್ಪುತ್ತದೆ.

ಕೈಯಲ್ಲಿ ಇರಬೇಕಾದ್ದು

ಗೂಗಲ್ ಮ್ಯಾಪ್ಸ್ ಇರುವ ಫೋನು ಅಥವಾ ಕಂಪ್ಯೂಟರು, ವರ್ಗಮೂಲ ಹಾಗೂ ಸೈನ್, ಕೊಸೈನ್ ಗುಂಡಿಗಳಿರುವ ಕ್ಯಾಲ್ಕ್ಯುಲೇಟರು (ಫೋನನ್ನು ಅಡ್ಡ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಸಿಗುತ್ತದೆ), ಒಂದು ಹಾಳೆ, ಪೆನ್ನು. ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರಾಡಾರ್24ರಂಥ ಆ್ಯಪ್ ಇದ್ದರೆ ಕೊನೆಯಲ್ಲಿ ತಾಳೆ ನೋಡಲು ಬೇಕಾಗುತ್ತದೆ. ದುಡ್ಡು ಕೊಡುವ ಅಗತ್ಯವಿಲ್ಲ, ಉಚಿತ ಖಾತೆ ಸಾಕು.

1. ಊರಿನ ಹೆಸರು ಬಿಡಿ, ನಿಲ್ದಾಣವನ್ನು ಗೊತ್ತುಮಾಡಿ

ವಿಮಾನ ಊರಿಂದ ಊರಿಗೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಪ್ರತಿ ನಿಲ್ದಾಣಕ್ಕೂ ಮೂರಕ್ಷರದ ಸಂಕೇತವಿದೆ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣಕ್ಕೆ ಆರ್‌ಕ್ಯೂವೈ, ಬೆಂಗಳೂರಿಗೆ ಬಿಎಲ್ಆರ್, ಮಂಗಳೂರಿಗೆ ಐಎಕ್ಸ್ಇ, ಹುಬ್ಬಳ್ಳಿಗೆ ಎಚ್‌ಬಿಎಕ್ಸ್. ಯಾವ ಪುಟದಲ್ಲೇ ದೂರ ನೋಡಲಿ, ಊರಿನ ಹೆಸರಿನ ಬದಲು ಈ ಸಂಕೇತ ಹಾಕಿ.

ಹೀಗೆ ಮಾಡದಿದ್ದರೆ ಆಗುವ ಎಡವಟ್ಟು ಸಣ್ಣದಲ್ಲ. ಹೈದರಾಬಾದ್ ಎಂದು ಬರೆದರೆ ಪಾಕಿಸ್ತಾನದ ಸಿಂಧ್‌ನಲ್ಲಿರುವ ಹೈದರಾಬಾದ್ ಎದುರಾಗಬಹುದು. ಗೋವಾದಲ್ಲಿ ದಾಬೋಲಿಮ್ ಮತ್ತು ಮೋಪಾ ಎಂದು ಎರಡು ನಿಲ್ದಾಣಗಳಿವೆ. ನೇರ ಗೆರೆಯಲ್ಲೇ ಅವುಗಳ ನಡುವೆ ಸುಮಾರು 40 ಕಿ.ಮೀ. ಇದೆ, ರಸ್ತೆಯಲ್ಲಿ ಇನ್ನೂ ಹೆಚ್ಚು. ಮಡಗಾಂವ್‌ಗೆ ಹೋಗುವವರು ಮೋಪಾದಲ್ಲಿ ಇಳಿದರೆ ಟಿಕೆಟ್‌ನಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. ದುಬೈ, ಲಂಡನ್‌ಗಳಲ್ಲೂ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ.

ಹೊರಡುವ ಕಡೆಯದನ್ನೂ ಇಲ್ಲೇ ತೀರ್ಮಾನಿಸಿ. ಮಲೆನಾಡಿನವರಿಗೆಲ್ಲ ಸೋಗಾನೆಯೇ ಹತ್ತಿರ ಎಂದುಕೊಳ್ಳಬೇಡಿ. ಭದ್ರಾವತಿ, ತರೀಕೆರೆ, ಶಿಕಾರಿಪುರ, ಸಾಗರದವರಿಗೆ ಅದು ಅನುಕೂಲ. ಆಗುಂಬೆ, ಶೃಂಗೇರಿ ಕಡೆಯವರು ಮಂಗಳೂರನ್ನೂ, ಸೊರಬದ ಉತ್ತರ ಭಾಗದವರು ಹುಬ್ಬಳ್ಳಿಯನ್ನೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಗಲ್ಫ್‌ಗೆ ಹೋಗುವವರಂತೂ ಮಂಗಳೂರನ್ನು ನೋಡಲೇಬೇಕು.

2. ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಕಂಪ್ಯೂಟರಿನ ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ರನ್‌ವೇ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಫೋನಿನಲ್ಲಾದರೆ ಆ ಜಾಗವನ್ನು ಒತ್ತಿ ಹಿಡಿಯಿರಿ. ಮೂರು ದಶಮಾಂಶ ಸ್ಥಾನ ಸಾಕು:

ಶಿವಮೊಗ್ಗ (ಸೋಗಾನೆ): 13.855, 75.611
ಬೆಂಗಳೂರು: 13.198, 77.706
ಹೈದರಾಬಾದ್: 17.231, 78.430
ದೆಹಲಿ: 28.567, 77.103
ದುಬೈ: 25.253, 55.364

ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಇದೇ ಹಂತದಲ್ಲಿ. ಕೆಲವು ಪುಟಗಳು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತವೆ: 13 ಡಿಗ್ರಿ 51 ನಿಮಿಷ. ಅದನ್ನು 13.51 ಎಂದು ಬರೆದುಕೊಂಡರೆ ಕೆಟ್ಟಿತು. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 51ನ್ನು 60ರಿಂದ ಭಾಗಿಸಬೇಕು. ಆಗ ಬರುವುದು 13.85. ಈ ಒಂದು ತಪ್ಪಿಗೆ ನಿಲ್ದಾಣ ದಕ್ಷಿಣಕ್ಕೆ ಸುಮಾರು 38 ಕಿ.ಮೀ. ಜಾರಿಬಿಡುತ್ತದೆ. ಎರಡು ಸಂಖ್ಯೆಗಳು ಅದಲುಬದಲಾದರೆ ಶಿವಮೊಗ್ಗ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಕೂರುತ್ತದೆ. ದೂರ ಸಾವಿರಾರು ಕಿ.ಮೀ. ಬಂದರೆ ಮೊದಲು ಇದನ್ನೇ ಪರೀಕ್ಷಿಸಿ. ಪಶ್ಚಿಮ ರೇಖಾಂಶದ ಊರುಗಳಿಗೆ ಋಣ ಚಿಹ್ನೆ ಹಾಕಲು ಮರೆಯಬೇಡಿ. ಲಂಡನ್‌ನ ಹೀಥ್ರೂ ಸೊನ್ನೆ ರೇಖಾಂಶದ ಸ್ವಲ್ಪ ಪಶ್ಚಿಮಕ್ಕಿದೆ, ಅಮೆರಿಕ ಪೂರ್ತಿ ಪಶ್ಚಿಮದಲ್ಲಿದೆ.

3. ನೇರ ದೂರ ಕಂಡುಹಿಡಿಯಿರಿ

ಬರೀ ಉತ್ತರ ಸಾಕೆನ್ನುವವರು ಮ್ಯಾಪ್ಸ್‌ನಲ್ಲಿ ದೂರ ಅಳೆಯುವ ಆಯ್ಕೆ ಒತ್ತಿ, ಇನ್ನೊಂದು ನಿಲ್ದಾಣದ ಮೇಲೆ ಒತ್ತಿದರೆ ಮುಗಿಯಿತು. ಆದರೂ ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಬೇರೆ ಪುಟಗಳು ಕೊಡುವ ಸಂಖ್ಯೆ ಸರಿಯೋ ತಪ್ಪೋ ಎಂದು ಆಮೇಲೆ ನೋಡಿದ ಕೂಡಲೇ ಗೊತ್ತಾಗುತ್ತದೆ.

*ಹತ್ತಿರದ ಊರುಗಳಿಗೆ.* ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111.2 ಕಿ.ಮೀ. ಒಂದು ಡಿಗ್ರಿ ರೇಖಾಂಶ ಸಮಭಾಜಕದಲ್ಲಿ ಅಷ್ಟೇ ಇದ್ದು, ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ಎರಡೂ ಊರುಗಳ ಅಕ್ಷಾಂಶದ ಸರಾಸರಿ ತೆಗೆದು, ಅದರ ಕೊಸೈನ್‌ನಿಂದ 111.2ನ್ನು ಗುಣಿಸಿ. ಶಿವಮೊಗ್ಗ–ಬೆಂಗಳೂರಿಗೆ ಅದು 108.1 ಕಿ.ಮೀ.

ಅಕ್ಷಾಂಶದ ವ್ಯತ್ಯಾಸ 0.657, ಗುಣಿಸು 111.2, ಬಂದದ್ದು 73.1 ಕಿ.ಮೀ.
ರೇಖಾಂಶದ ವ್ಯತ್ಯಾಸ 2.095, ಗುಣಿಸು 108.1, ಬಂದದ್ದು 226.5 ಕಿ.ಮೀ.
ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 238 ಕಿ.ಮೀ.

ಇದೇ ರೀತಿ ಶಿವಮೊಗ್ಗ–ಹೈದರಾಬಾದ್ ಸುಮಾರು 482 ಕಿ.ಮೀ., ಶಿವಮೊಗ್ಗ–ಚೆನ್ನೈ ಸುಮಾರು 502 ಕಿ.ಮೀ. ಬರುತ್ತದೆ.

*ದೂರದ ಊರುಗಳಿಗೆ.* ಮೇಲಿನ ಲೆಕ್ಕ ಭೂಮಿಯನ್ನು ಚಪ್ಪಟೆ ಎಂದು ಹಿಡಿಯುತ್ತದೆ. ದಕ್ಷಿಣ ಭಾರತದೊಳಗೆ ಅದರಿಂದ ತೊಂದರೆಯಿಲ್ಲ. ಬೆಂಗಳೂರು–ಲಂಡನ್‌ಗೆ ಹಾಕಿದರೆ ಸುಮಾರು 8,490 ಕಿ.ಮೀ. ಬರುತ್ತದೆ, ನಿಜವಾದ ದೂರ ಸುಮಾರು 8,050 ಕಿ.ಮೀ. 400 ಕಿ.ಮೀ.ಗೂ ಮೀರಿದ ತಪ್ಪು. ಹಾಗಾಗಿ ದೇಶದ ಹೊರಗೆ ಹೋಗುವಾಗ ಗೋಳದ ಲೆಕ್ಕ ಬಳಸಿ:

ಮೊದಲು ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಬೇರೆಯಾಗಿ, ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನ್‌ನ್ನೂ ಗುಣಿಸಿ. ಎರಡು ಗುಣಲಬ್ಧಗಳನ್ನು ಕೂಡಿ, ಬಂದದ್ದರ ವಿಲೋಮ ಕೊಸೈನ್ (ಕ್ಯಾಲ್ಕ್ಯುಲೇಟರಿನ cos⁻¹ ಗುಂಡಿ) ತೆಗೆಯಿರಿ. ಅದು ಡಿಗ್ರಿಯಲ್ಲಿರುವ ಕೋನ, ಅದನ್ನು 111.2ರಿಂದ ಗುಣಿಸಿದರೆ ಕಿ.ಮೀ.

ಬೆಂಗಳೂರು–ದುಬೈಗೆ ಮೊದಲ ಗುಣಲಬ್ಧ 0.0974, ಎರಡನೆಯದು 0.8144, ಮೊತ್ತ 0.9118. ವಿಲೋಮ ಕೊಸೈನ್ 24.24 ಡಿಗ್ರಿ. ದೂರ ಸುಮಾರು 2,695 ಕಿ.ಮೀ.

ಎಕ್ಸೆಲ್‌ನಲ್ಲಿ ಮಾಡುವವರು ಎಚ್ಚರ. ಅದು ಕೋನವನ್ನು ಡಿಗ್ರಿಯಲ್ಲಿ ಓದುವುದಿಲ್ಲ, ಕೋನ ಅಳೆಯುವ ಇನ್ನೊಂದು ಘಟಕವಾದ ರೇಡಿಯನ್‌ನಲ್ಲಿ ಓದುತ್ತದೆ. ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಿಸದಿದ್ದರೆ ಬರುವ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ಫೋನಿನ ಕ್ಯಾಲ್ಕ್ಯುಲೇಟರಿನಲ್ಲೂ ಡಿಗ್ರಿ ಆಯ್ಕೆ ಆಗಿದೆಯೇ ನೋಡಿಕೊಳ್ಳಿ. 30ರ ಸೈನ್ ಕೇಳಿದಾಗ 0.5 ಬಂದರೆ ಸರಿಯಾಗಿದೆ.

ಅಳತೆಯ ಘಟಕವೂ ಮೋಸ ಮಾಡುತ್ತದೆ. ಒಂದೇ ಶಿವಮೊಗ್ಗ–ಬೆಂಗಳೂರು ದೂರವನ್ನು ಒಂದು ಪುಟ 238 ಎನ್ನುತ್ತದೆ, ಇನ್ನೊಂದು 148, ಮತ್ತೊಂದು 128. ಕ್ರಮವಾಗಿ ಕಿ.ಮೀ., ಮೈಲಿ, ನಾಟಿಕಲ್ ಮೈಲಿ. ಒಂದು ಮೈಲಿಗೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.

4. ವಿಮಾನ ಯಾವುದು ಎಂದು ನೋಡಿ, ಹಾರಾಟದ ಸಮಯ ತೆಗೆಯಿರಿ

ದೂರ ಹೇಳುವ ಪುಟಗಳಲ್ಲಿ ಹೆಚ್ಚಿನವು ಎಲ್ಲ ವಿಮಾನಕ್ಕೂ ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗ ಹಿಡಿದು, ಅದಕ್ಕೆ ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ಅದರ ಪ್ರಕಾರ ಶಿವಮೊಗ್ಗ–ಬೆಂಗಳೂರು 48 ನಿಮಿಷ. ಆದರೆ 2023ರ ಆಗಸ್ಟ್ 31ರಂದು ಸೋಗಾನೆಗೆ ಬಂದಿಳಿದ ಮೊದಲ ಪ್ರಯಾಣಿಕ ವಿಮಾನವೇ ರೆಕ್ಕೆಗೆ ಪಂಖ ಇರುವ ಎಟಿಆರ್ 72. ಅದು ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಏರ್‌ಬಸ್ ಎ320 ಜಾತಿಯ ಜೆಟ್ ಸುಮಾರು 830ರಲ್ಲಿ ಹೋಗುತ್ತದೆ. ಸಣ್ಣ ಜೆಟ್ ಎಂಬ್ರೇರ್ 175ಕ್ಕೆ 800 ಹಿಡಿದರೆ ಸರಿ. ವಿಮಾನದ ಜಾತಿಯನ್ನು ಟಿಕೆಟ್ ಕಾಯ್ದಿರಿಸುವ ಪುಟದಲ್ಲಿ ವಿಮಾನದ ಸಂಖ್ಯೆಯ ಪಕ್ಕ ಅಥವಾ ‘ವಿವರ’ ಒತ್ತಿದಾಗ ಕಾಣಬಹುದು.

ಈಗ ದೂರವನ್ನು ವೇಗದಿಂದ ಭಾಗಿಸಿ, ಬಂದ ಸಮಯಕ್ಕೆ 30 ನಿಮಿಷ ಸೇರಿಸಿ. ವಿಮಾನ ನಿಂತ ಜಾಗದಿಂದ ರನ್‌ವೇ ತನಕ ಉರುಳಬೇಕು, ಸರತಿ ಇದ್ದರೆ ಕಾಯಬೇಕು, ಏರುವಾಗ ಮತ್ತು ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲ, ಇಳಿಯುವ ಮುಂಚೆ ರನ್‌ವೇಗೆ ಮುಖ ಮಾಡಲು ಸುತ್ತು ಹಾಕಬೇಕು. ಬೆಂಗಳೂರು, ದೆಹಲಿ, ಮುಂಬೈಯಂಥ ದಟ್ಟಣೆಯ ನಿಲ್ದಾಣವಾದರೆ 40 ನಿಮಿಷ ಹಿಡಿಯಿರಿ. ವಿಮಾನಗಳು ಗೊತ್ತುಪಡಿಸಿದ ಹಾದಿಯಲ್ಲೇ ಹೋಗುವುದರಿಂದ 1,000 ಕಿ.ಮೀ.ಗಿಂತ ಹೆಚ್ಚಿನ ದೂರಕ್ಕೆ ನೂರಕ್ಕೆ ಐದರಷ್ಟು ದೂರವನ್ನೂ ಸೇರಿಸಿ.

ಶಿವಮೊಗ್ಗ–ಬೆಂಗಳೂರು ಎಟಿಆರ್‌ನಲ್ಲಿ: 29 ನಿಮಿಷ ಕೂಡು 40, ಅಂದರೆ 1 ಗಂಟೆ 10 ನಿಮಿಷದ ಸುಮಾರು. ಶಿವಮೊಗ್ಗ–ಹೈದರಾಬಾದ್ ಎಟಿಆರ್‌ನಲ್ಲಿ ಒಂದೂವರೆ ಗಂಟೆ, ಸಣ್ಣ ಜೆಟ್‌ನಲ್ಲಿ 1 ಗಂಟೆ 10 ನಿಮಿಷ. ಬೆಂಗಳೂರು–ದೆಹಲಿ 1,710 ಕಿ.ಮೀ., ಜೆಟ್‌ನಲ್ಲಿ 2 ಗಂಟೆ 50 ನಿಮಿಷ.

ಟಿಕೆಟ್‌ನಲ್ಲಿರುವ ಸಮಯವೂ ಇದೇ ಜಾತಿಯದು: ವಿಮಾನ ಒಂದು ಕಡೆ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ಕಡೆ ಬಂದು ನಿಲ್ಲುವವರೆಗೆ. ಫ್ಲೈಟ್‌ರಾಡಾರ್24ರಲ್ಲಿ ಆ ವಿಮಾನದ ಸಂಖ್ಯೆ ಹಾಕಿದರೆ ಕಳೆದ ಏಳು ದಿನ ಅದು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದು ಉಚಿತವಾಗಿ ಸಿಗುತ್ತದೆ. ಅಲ್ಲಿ ತೋರಿಸುವ ಹಾರಾಟದ ಸಮಯ ಮಾತ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನದು. ಅದನ್ನು ಟಿಕೆಟ್‌ನ ಸಮಯಕ್ಕೆ ಹೋಲಿಸಿ ‘ಅರ್ಧ ಗಂಟೆ ಬೇಗ ಹೋಗುತ್ತದೆ’ ಎಂದು ಮುಂದಿನ ವಿಮಾನ ಕಾಯ್ದಿರಿಸಬೇಡಿ.

5. ಗಾಳಿಯ ಲೆಕ್ಕ

ದೇಶದೊಳಗೆ, ಅದರಲ್ಲೂ ದಕ್ಷಿಣೋತ್ತರವಾಗಿ ಹೋಗುವಾಗ ಇದನ್ನು ಬಿಡಬಹುದು. ಪೂರ್ವ–ಪಶ್ಚಿಮವಾಗಿ ಹೋಗುವಾಗ ಬಿಡಬಾರದು. ಚಳಿಗಾಲದಲ್ಲಿ ಜೆಟ್‌ಗಳು ಹಾರುವ ಎತ್ತರದಲ್ಲಿ, ಮುಖ್ಯವಾಗಿ ಉತ್ತರದ ಕಡೆ, ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ಗಂಟೆಗೆ 80 ಕಿ.ಮೀ. ಎದುರು ಗಾಳಿ ಇದ್ದರೆ ಎ320 ಜೆಟ್‌ಗೆ ದುಬೈಯ 2,695 ಕಿ.ಮೀ.ಗೆ (4ನೇ ಹಂತದಲ್ಲಿ ಸೇರಿಸಿದ್ದನ್ನು ಬಿಟ್ಟು) 3 ಗಂಟೆ 36 ನಿಮಿಷ, ಅದೇ ಗಾಳಿ ಬೆನ್ನ ಹಿಂದೆ ಇದ್ದರೆ 2 ಗಂಟೆ 58 ನಿಮಿಷ. ಹೋಗುವ ಸಮಯ, ಬರುವ ಸಮಯ ಬೇರೆಯಾಗುವುದು ಇದರಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಈ ವ್ಯತ್ಯಾಸ ತಗ್ಗುತ್ತದೆ.

6. ಗಡಿಯಾರ ಸರಿಪಡಿಸಿ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 10:00ಕ್ಕೆ ಹೊರಟು ದುಬೈಯಲ್ಲಿ 12:40ಕ್ಕೆ ಇಳಿಯುವ ವಿಮಾನ 2 ಗಂಟೆ 40 ನಿಮಿಷದ್ದೆಂದು ಕಾಣುತ್ತದೆ. ಒಂದೂವರೆ ಗಂಟೆ ಸೇರಿಸಿದರೆ ನಿಜವಾದ ಸಮಯ 4 ಗಂಟೆ 10 ನಿಮಿಷ. ಬರುವಾಗ ಅದೇ ಒಂದೂವರೆ ಗಂಟೆಯನ್ನು ಕಳೆಯಬೇಕು. ಲಂಡನ್ ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ.

ಎಲ್ಲಕ್ಕಿಂತ ದುಬಾರಿ ತಪ್ಪು ತಾರೀಖಿನದು. ವಿದೇಶಕ್ಕೆ ಹೋಗುವ ಅನೇಕ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ 12ನೇ ತಾರೀಖು 00:40 ಎಂದಿದ್ದರೆ ನೀವು 11ರ ರಾತ್ರಿ ಊಟದ ಹೊತ್ತಿಗೆ ನಿಲ್ದಾಣದಲ್ಲಿರಬೇಕು. ಅಂದರೆ ಸಾಗರದಿಂದ ಕಾರಿನಲ್ಲಿ ಹೋಗುವವರು 11ರ ಬೆಳಿಗ್ಗೆಯೇ ಹೊರಡಬೇಕು. 12ರ ರಾತ್ರಿ ಎಂದು ತಿಳಿದು ಬಂದವರಿಗೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ, ಹಾಗೆ ತಪ್ಪಿಸಿಕೊಂಡ ಟಿಕೆಟ್‌ಗೆ ದುಡ್ಡು ವಾಪಸ್ ಬರುವುದು ಕಷ್ಟ.

7. ನಡುವೆ ಇಳಿದು ಹತ್ತುವ ಲೆಕ್ಕ

ದೂರ ತೋರಿಸುವ ಪುಟ ನೇರ ವಿಮಾನ ಇದೆ ಎಂದು ಹೇಳುತ್ತಿಲ್ಲ, ಇದನ್ನು ಮರೆಯಬೇಡಿ. ಸೋಗಾನೆಯಿಂದ ದೆಹಲಿಗೆ ನೇರ ಗೆರೆ ಸುಮಾರು 1,643 ಕಿ.ಮೀ. ಬೆಂಗಳೂರಿನ ಮೂಲಕ ಹೋದರೆ 238 ಕೂಡು 1,710, ಒಟ್ಟು 1,948. ಆ ಹೆಚ್ಚುವರಿ 300 ಕಿ.ಮೀ. ದೊಡ್ಡ ವಿಷಯವಲ್ಲ, ಸಮಯ ತಿನ್ನುವುದು ನಡುವಿನ ಕಾಯುವಿಕೆ.

ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿದ್ದರೆ ಲಗೇಜು ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ತೆಗೆದರೆ ಎಲ್ಲ ಹೊಣೆಯೂ ನಿಮ್ಮದು: ಇಳಿದು ಲಗೇಜು ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್, ಮತ್ತೆ ತಪಾಸಣೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. ವಿದೇಶಿ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬಂದಿವೆ. ನೀವು ಇಳಿಯುವುದು ಮೊದಲನೇ ಟರ್ಮಿನಲ್‌ನಲ್ಲಾದರೆ ಟರ್ಮಿನಲ್‌ಗಳ ನಡುವಿನ ಬಸ್ಸಿಗೂ ಸಮಯ ಬೇಕು.

ಬೇರೆ ಟಿಕೆಟ್ ಆದರೆ ದೇಶದೊಳಗೆ ಮೂರು ಗಂಟೆ, ವಿದೇಶಕ್ಕೆ ಐದು ಗಂಟೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ವಿದೇಶದ ವಿಮಾನ ಇದ್ದರೆ ಹಿಂದಿನ ದಿನವೇ ಬೆಂಗಳೂರು ಸೇರುವುದು ಸರಿ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ತಡವಾಗಬಹುದು, ಇಳಿಯದೆ ಹಿಂದಿರುಗಬಹುದು. ಸೋಗಾನೆಗೆ ಬಂದ ವಿಮಾನವೇ ತಿರುಗಿ ಹೊರಡುವುದರಿಂದ ಅದು ಬಾರದಿದ್ದರೆ ನಿಮ್ಮದೂ ಹೊರಡುವುದಿಲ್ಲ.

8. ಮನೆಬಾಗಿಲಿನಿಂದ ಸೇರಿಸಿ

ಮಲೆನಾಡಿನಲ್ಲಿ ರಸ್ತೆಯ ಸಮಯವನ್ನು ನಕ್ಷೆಯ ನೇರ ದೂರದಿಂದ ಊಹಿಸಲಾಗದು. ಸೋಗಾನೆಯಿಂದ ಮಂಗಳೂರು ನಿಲ್ದಾಣಕ್ಕೆ ನೇರ ಗೆರೆ ಸುಮಾರು 126 ಕಿ.ಮೀ., ಘಾಟಿ ಇಳಿದು ಹೋದರೆ ರಸ್ತೆ ಅದರ ಒಂದೂವರೆ ಪಟ್ಟು. ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಹಿಡಿದರೆ ಮಲೆನಾಡಿನ ರಸ್ತೆಗೆ 40, ಜೋರು ಮಳೆಯಲ್ಲಿ ಘಾಟಿಗೆ 25 ಹಿಡಿಯಿರಿ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ದೊಡ್ಡ ವಾಹನಗಳನ್ನು ತಡೆಯುವುದುಂಟು, ಬಸ್ಸನ್ನು ನಂಬಿದವರು ಹಿಂದಿನ ದಿನವೇ ವಿಚಾರಿಸಬೇಕು.

ನಿಲ್ದಾಣದಲ್ಲಿ: ಸೋಗಾನೆ ಸಣ್ಣದು, ಒಂದೂವರೆ ಗಂಟೆ ಮುಂಚೆ ಸಾಕು. ಬೆಂಗಳೂರಿನಲ್ಲಿ ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ವಿದೇಶಕ್ಕೆ ಮೂರು. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಹೊರಡುವ 60 ನಿಮಿಷ ಮುಂಚೆಯೇ ಮುಚ್ಚುತ್ತದೆ. ಹೊರಡುವ ಸಮಯಕ್ಕೆ ಬಾಗಿಲಲ್ಲಿದ್ದರೆ ಸಾಕು ಎಂಬ ಬಸ್ ನಿಲ್ದಾಣದ ಅಭ್ಯಾಸ ಇಲ್ಲಿ ನಡೆಯದು. ಇಳಿದ ಮೇಲೆ ಲಗೇಜು ಬರುವವರೆಗೆ ದೊಡ್ಡ ನಿಲ್ದಾಣದಲ್ಲಿ 40 ನಿಮಿಷ ಕೊಡಿ.

ಈಗ ತೀರ್ಥಹಳ್ಳಿಯಿಂದ ದೆಹಲಿ ನಗರಕ್ಕೆ ಪೂರ್ತಿ ಲೆಕ್ಕ. ಮೊದಲು ಸೋಗಾನೆಯ ಮೂಲಕ, ಒಂದೇ ಟಿಕೆಟ್‌ನಲ್ಲಿ:

ಮನೆಯಿಂದ ಸೋಗಾನೆ: 1:45
ನಿಲ್ದಾಣದಲ್ಲಿ: 1:30
ಬೆಂಗಳೂರಿಗೆ: 1:10
ಕಾಯುವಿಕೆ: 2:30
ದೆಹಲಿಗೆ: 2:50
ಲಗೇಜು: 0:40
ನಗರಕ್ಕೆ: 1:00
ಒಟ್ಟು 11 ಗಂಟೆ 25 ನಿಮಿಷ.

ಕಾರಿನಲ್ಲಿ ಬೆಂಗಳೂರು ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಹಾರಿದರೆ: ರಸ್ತೆ 7:30 (ಊಟ ಸೇರಿ), ನಿಲ್ದಾಣದಲ್ಲಿ 2:00, ಹಾರಾಟ 2:50, ಲಗೇಜು 0:40, ನಗರಕ್ಕೆ 1:00. ಒಟ್ಟು 14 ಗಂಟೆ.

ಸೋಗಾನೆಯ ದಾರಿ ಎರಡೂವರೆ ಗಂಟೆ ಉಳಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಕಾಯುವುದು ಐದು ಗಂಟೆಯಾದರೆ ಆ ಉಳಿತಾಯ ಪೂರ್ತಿ ಹೋಗುತ್ತದೆ. ಹಾಗಾಗಿ ಟಿಕೆಟ್ ತೆಗೆಯುವಾಗ ದರಕ್ಕಿಂತ ಮೊದಲು ಕಾಯುವಿಕೆಯ ಸಾಲನ್ನು ನೋಡಿ. ಕಾರಿನ ದಾರಿ ಹಿಡಿಯುವವರು ತುಮಕೂರು ದಾಟಿದ ಮೇಲೆ ಬೆಂಗಳೂರಿನೊಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಗೊರಗುಂಟೆಪಾಳ್ಯ, ಹೆಬ್ಬಾಳದ ದಟ್ಟಣೆ ತಪ್ಪುತ್ತದೆ.

ಲೆಕ್ಕ ತಪ್ಪಿದೆ ಎಂದು ಹೇಳುವ ಲಕ್ಷಣಗಳು

ನಿಮ್ಮ ನೇರ ದೂರ ರಸ್ತೆಯ ದೂರಕ್ಕಿಂತ ಹೆಚ್ಚು ಬಂದರೆ ಅಕ್ಷಾಂಶ–ರೇಖಾಂಶದಲ್ಲಿ ತಪ್ಪಿದೆ. ರಸ್ತೆಯ ಅರ್ಧಕ್ಕಿಂತ ಕಡಿಮೆ ಬಂದರೆ ಘಟಕ ಬದಲಾಗಿದೆ, ಹೆಚ್ಚಾಗಿ ನಾಟಿಕಲ್ ಮೈಲಿ. ನಿಮ್ಮ ಹಾರಾಟದ ಸಮಯಕ್ಕೂ ಟಿಕೆಟ್‌ನದಕ್ಕೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ವಿಮಾನದ ಜಾತಿ ತಪ್ಪು ಹಿಡಿದಿದ್ದೀರಿ, ಇಲ್ಲವೇ ಗಡಿಯಾರದ ವ್ಯತ್ಯಾಸ ಬಿಟ್ಟಿದ್ದೀರಿ. ಅಂತರ ಸರಿಯಾಗಿ 1:30 ಅಥವಾ 5:30 ಇದ್ದರೆ ಖಂಡಿತ ಗಡಿಯಾರದ್ದೇ. ಸಮಯ ಎರಡು ಪಟ್ಟು ಇದ್ದರೆ ಅದು ನೇರ ವಿಮಾನವಲ್ಲ, ನಡುವೆ ಎಲ್ಲೋ ಇಳಿಯುತ್ತದೆ.

ಸೋಗಾನೆಯ ವೇಳಾಪಟ್ಟಿ ಬೇಸಿಗೆಗೂ ಚಳಿಗಾಲಕ್ಕೂ ಬದಲಾಗುತ್ತದೆ, ಮಾರ್ಚ್ ಕೊನೆ ಮತ್ತು ಅಕ್ಟೋಬರ್ ಕೊನೆಗೆ. ಕೆಲವು ಊರುಗಳಿಗೆ ವಾರದ ಎಲ್ಲ ದಿನ ವಿಮಾನ ಇರುವುದಿಲ್ಲ. ಎರಡು ತಿಂಗಳ ಹಿಂದೆ ಹಾಕಿದ ಲೆಕ್ಕವನ್ನು ಟಿಕೆಟ್ ತೆಗೆಯುವ ದಿನ ಮತ್ತೊಮ್ಮೆ ನೋಡಿ. ಹೊರಡುವ ಹಿಂದಿನ ಸಂಜೆ ಕಂಪನಿಯ ಸಂದೇಶ ಬಂದಿದೆಯೇ ನೋಡಿ, ಮಳೆಗಾಲವಾದರೆ ಮನೆ ಬಿಡುವ ಮುಂಚೆ ಬೆಂಗಳೂರಿನಿಂದ ಬರಬೇಕಾದ ವಿಮಾನ ಹೊರಟಿದೆಯೇ ಎಂದು ಆ್ಯಪ್‌ನಲ್ಲಿ ನೋಡಿಕೊಳ್ಳಿ. ವಾಪಸ್ ಬರುವವರು ಸಂಜೆ ಇಳಿಯುವುದಾದರೆ ಶಿವಮೊಗ್ಗ ಬಸ್ ನಿಲ್ದಾಣದಿಂದ ಹೊಸನಗರ, ರಿಪ್ಪನ್‌ಪೇಟೆ, ಕೊಪ್ಪದ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಟಿಕೆಟ್ ತೆಗೆಯುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಸೋಗಾನೆಯಿಂದ ಆ ಬಸ್ ನಿಲ್ದಾಣಕ್ಕೆ, ಲಗೇಜು ತೆಗೆದುಕೊಳ್ಳುವ ಸಮಯ ಸೇರಿ, ಒಂದು ಗಂಟೆ ಹಿಡಿಯಿರಿ.